ಅಡಿಕ್ಷನ್‌ಗೆ ಕೊಟ್ಟ ಉದಾಹರಣೆ

ನನ್ನ ಗೆಳತಿಗೆ ಇಂಗ್ಲಿಷ್ ಶಬ್ದಗಳ ಮೂಲ ಕೆದಕುವ ಹುಚ್ಚು. ಇಬ್ಬರೂ ಗುಡೂರಿನ ಒಂದೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆವು. ಇಳಕಲ್ಲಿನಿಂದ ದಿನಾ ಒಂದೇ ಬಸ್ಸು, ಒಂದೇ ಸೀಟು. ಆ ವರ್ಷ ಆಕೆ ಚಟ, ರೂಢಿಗಳ ಶಬ್ದಗಳ ಬೆನ್ನು ಹತ್ತಿದ್ದಳು. ಹ್ಯಾಬಿಟ್ ಅಂದರೆ ಲ್ಯಾಟಿನ್ನಿನಲ್ಲಿ ಹಿಡಿದುಕೊಂಡಿರುವುದು. ರೂಟೀನ್ ಬಂದದ್ದು ಫ್ರೆಂಚರ ದಾರಿಯಿಂದ, ತುಳಿದದ್ದನ್ನೇ ತುಳಿಯುವುದು. ಕಸ್ಟಮ್ ಮತ್ತು ಕಾಸ್ಟ್ಯೂಮ್ ಒಂದೇ ಬೇರಿನವು ಎಂದ ದಿನ ನನ್ನ ಇಳಕಲ್ ಸೀರೆಯ ಸೆರಗು ಜಗ್ಗಿ, "ನೋಡವಾ, ನಿನ್ನ ರೂಢಿನೂ ಇದ, ಉಡುಪೂ ಇದ" ಎಂದು ನಕ್ಕಿದ್ದಳು.

ಒಂದು ದಿನ ಅಡಿಕ್ಷನ್ ಬಂತು. ಹಳೆಯ ರೋಮಿನಲ್ಲಿ ಸಾಲ ತೀರಿಸಲಾಗದವನನ್ನು ನ್ಯಾಯಾಧೀಶ ಸಾಲ ಕೊಟ್ಟವನ ವಶಕ್ಕೆ ಒಪ್ಪಿಸುತ್ತಿದ್ದನಂತೆ, ಆ ಒಪ್ಪಿಸುವಿಕೆಯೇ ಶಬ್ದದ ಮೂಲವಂತೆ. ಹಾಗೆ ಒಪ್ಪಿಸಲ್ಪಟ್ಟವಳು ನಾನೇ ಅನ್ನಿಸಿತು. ನಾನು ಹಲ್ಲಿಗೆ ತಂಬಾಕು ಪುಡಿ ತಿಕ್ಕುತ್ತಿದ್ದೆ, ದಿನಕ್ಕೆ ಏಳು ಸಲ. ಅದೇ ಪುಡಿಯಿಂದ ಬಾಯಿ ಹುಣ್ಣಾಗಿ ನನ್ನ ಅತ್ತೆ ಸತ್ತಿದ್ದರು. ಮದುವೆಯಾದ ಹೊಸದರಲ್ಲೇ ಗಂಡ, "ಈ ಮನ್ಯಾಗ ಆ ಪುಡಿ ಬರಬಾರದು" ಎಂದಿದ್ದ. ಹೂಂ ಎಂದವಳು ನಾನೇ. ಅವನಿಗೆ ಗೊತ್ತಾದರೆ ಮುಖ ಎತ್ತಿ ಬಾಳುವುದು ಹೇಗೆಂಬ ಹೆದರಿಕೆಯಲ್ಲೇ ವರ್ಷಗಳು ಕಳೆದಿದ್ದವು. ಬಸ್ಸಿನಲ್ಲಿ ಎಲ್ಲವನ್ನೂ ಗೆಳತಿಗೆ ಹೇಳಿ ಅತ್ತುಬಿಟ್ಟೆ.

"ಹುಚ್ಚಿ, ಅಳಬ್ಯಾಡ. ನನ್ನ ಹೊಟ್ಟ್ಯಾಗ ಇಟ್ಕೋತೇನಿ. ಬಿಡಸೂಣ ತೊಗೊ" ಎಂದಳು. ಸುಳ್ಳು ಹೇಳಬಾರದು, ದಿನಾ ಕೇಳಿ ಕೇಳಿ ಏಳನ್ನು ಎರಡಕ್ಕೆ ಇಳಿಸಿದವಳೂ ಆಕೆಯೇ.

ಎರಡು ವರ್ಷದ ಮೇಲೆ ಬಾಗಲಕೋಟೆಯಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿ ನಡೆಯಿತು. ಅಂದು ಪಾಠ ಹೇಳುವವಳು ಆಕೆ. ಹುನಗುಂದದಲ್ಲಿ ಇಂಗ್ಲಿಷ್ ಕಲಿಸುವ ನನ್ನ ಗಂಡನೂ ಬಂದು ಗಂಡಸರ ಸಾಲಿನಲ್ಲಿ ಕುಳಿತಿದ್ದ. ಪರದೆಯ ಮೇಲೆ ಅಡಿಕ್ಷನ್ ಮೂಡಿತು. ರೋಮಿನ ಕಥೆ ಮುಗಿಸಿ ಆಕೆ ಹುರುಪಾದಳು.

"ನಮ್ಮ ಬಸ್ಸಿನ್ಯಾಗ ಒಬ್ರು ಟೀಚರ್ ಬರ್ತಾರ್ರಿ. ಹೆಸರು ಬ್ಯಾಡ. ಅವರ ಅತ್ತಿ ತಂಬಾಕದಿಂದನ ಸತ್ತಾರ. ಸೊಸಿ ಅದನ್ನ ಸೀರಿ ಪಿನ್ನಿನ ಡಬ್ಬ್ಯಾಗ ಮುಚ್ಚಿಟ್ಟು, ಗಂಡ ಜಳಕಕ್ಕ ಹೋದ ಕೂಡ್ಲೆ ತಿಕ್ಕತಾರ!"

ಹಾಲ್ ತುಂಬ ನಗೆ. ಗಂಡ ನಗಲಿಲ್ಲ. ಹಿಂದೆ ತಿರುಗಿದ. ನನ್ನ ಮುಖ ನೋಡಲಿಲ್ಲ, ತೊಡೆಯ ಮೇಲಿದ್ದ ನನ್ನ ಚೀಲ ನೋಡಿದ. ಪಿನ್ನಿನ ಡಬ್ಬಿ ಇರುತ್ತಿದ್ದುದು ಅದರಲ್ಲೇ.

ಚಹಾದ ಹೊತ್ತಿನಲ್ಲಿ ಆಕೆಯ ತೋಳು ಹಿಡಿದು ನಿಲ್ಲಿಸಿದೆ. "ನಿನ್ನ ಹೆಸರ ಹೇಳೇನೇನ?" ಎಂದಳು. "ಉದಾಹರಣಿ ಖರೆ ಇದ್ರನ ಮಂದಿಗೆ ಮುಟ್ಟತೈತಿ." ಅಬಬಬ, ಇವಳ ಬಾಯಾಗ ಮಣ್ಣು ಹಾಕ! ನಾನು ಅತ್ತದ್ದು ಇವಳಿಗೆ ಪಾಠದ ಸಾಮಾನಾಯಿತೇ? ಆಕೆಯ ಕಣ್ಣಲ್ಲಿ ತಪ್ಪು ಮಾಡಿದೆನೆಂಬ ಒಂದು ಕುರುಹೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಸಂಜೆ ಗಂಡನ ಗಾಡಿಯ ಹಿಂದೆ ಕುಳಿತು ಬಂದೆ. ಹುನಗುಂದದ ಹೊರಗೆ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದ. ಒದರಾಡಲಿ, ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಆಕಿಗೆ ಎಷ್ಟ ದಿನದಿಂದ ಗೊತ್ತು?"

"ಎರಡ ವರ್ಷ ಆತ್ರಿ."

ಅವನು ಮೆಲ್ಲಗೆ, "ನಮ್ಮವ್ವನ ಹುಣ್ಣ ತೊಳದಾವ ನಾ" ಎಂದ. "ನನ್ನ ಮುಂದ ಅಳಬೇಕಂತ ನಿನಗ ಒಮ್ಮೆನೂ ಅನಸಲಿಲ್ಲೇನ?"