ಕಿವಿಯ ಸುದ್ದಿ ಯಾರಿಗೂ ಹೇಳಬೇಡಿ

ಕೆಲವು ವರ್ಷಗಳಿಂದ ಮದ್ದೂರು ಕಡೆಯ ನಮ್ಮೂರು ಕೊಪ್ಪದಲ್ಲಿ ನನಗೊಂದು ಒಳ್ಳೆಯ ಹೆಸರು ಬಂದಿತ್ತು. ಮೇಷ್ಟ್ರು ಬಹಳ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ ಎಂದು. ನಾನು ಭಾರತೀನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಪಾಠ ಮಾಡುತ್ತಿದ್ದ ಕಾಲದಲ್ಲಿ ನನ್ನ ಬಗ್ಗೆ ಯಾರೂ ಹೀಗೆ ಹೇಳಿದ್ದಿಲ್ಲ. ಆಗ ಮಾತಾಡುವ ಸುಖ ನನ್ನದು, ಕೇಳಿಸಿಕೊಳ್ಳುವ ಕಷ್ಟ ಹುಡುಗರದು. ಈಗ ಜಗಲಿಗೆ ಬಂದು ಕೂತವರು ಅಣ್ಣತಮ್ಮಂದಿರ ಜಗಳ, ಬದುವಿನ ತಕರಾರು, ಸೊಸೆಯ ಮೇಲಿನ ದೂರು ಎಲ್ಲವನ್ನೂ ತೋಡಿಕೊಳ್ಳುತ್ತಾರೆ. ನಾನು ನಡುವೆ ಬಾಯಿ ಹಾಕುವುದಿಲ್ಲ. ಆಗಾಗ ತಲೆಯಾಡಿಸುತ್ತೇನೆ. ಅವರ ಮುಖ ಬಾಡಿದರೆ ನನ್ನ ಮುಖವನ್ನೂ ಬಾಡಿಸುತ್ತೇನೆ. ಎದ್ದು ಹೋಗುವಾಗ ಅವರ ಮನಸ್ಸು ಹಗುರಾಗಿರುತ್ತದೆ. ನಿಮ್ಮೊಬ್ಬರಿಗೆ ಹೇಳುತ್ತೇನೆ: ಅವರು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸುತ್ತಲೇ ಇರಲಿಲ್ಲ.

ಕಿವಿ ಹೋಗುವುದು ಹಲ್ಲು ಹೋದಂತಲ್ಲ. ಹಲ್ಲು ಬಿದ್ದರೆ ಕೈಗೆ ಸಿಗುತ್ತದೆ. ಕಿವಿಯಿಂದ ಏನು ಬಿದ್ದುಹೋಯಿತು ಎಂದು ಗೊತ್ತಾಗುವುದಿಲ್ಲ, ಎದುರಿನವರು ಈಚೆಗೆ ಯಾಕೋ ಗೊಣಗುತ್ತಾರೆ ಅನ್ನಿಸುತ್ತದೆ, ಅಷ್ಟೆ. ನಮ್ಮ ಕಡೆಯವರು ಮೊದಲೇ ಹಕಾರವನ್ನು ನುಂಗಿಬಿಡುತ್ತಾರೆ. ಉಳಿದದ್ದನ್ನು ನನ್ನ ಕಿವಿ ನುಂಗುತ್ತಿತ್ತು. ಆದರೂ ನಾನು ಯಾರಿಗೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡರೆ ಓದಿದವರ ಹಾಗೆ ಕಾಣುತ್ತೇವೆ. ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡರೆ ಬರೀ ಮುದುಕರ ಹಾಗೆ ಕಾಣುತ್ತೇವೆ. ಈ ತಾರತಮ್ಯ ಯಾರು ಮಾಡಿದರೋ ತಿಳಿಯದು.

ಹೀಗೇ ನಡೆದುಹೋಗುತ್ತಿತ್ತೇನೋ. ಒಂದು ಸಂಜೆ ಚಿಕ್ಕರಸಿನಕೆರೆಯಿಂದ ನನ್ನ ಹಳೆಯ ವಿದ್ಯಾರ್ಥಿ ಪುಟ್ಟಸ್ವಾಮಿ ಬಂದು ಗೇಟಿನ ಹತ್ತಿರವೇ ನಿಂತು ಏನೋ ಹೇಳಿದ. ಸೂರ್ಯ ಅವನ ಬೆನ್ನಿಗಿದ್ದ, ಮುಖ ನನಗೆ ಕಾಣಲಿಲ್ಲ. ಹಿಂದಿನ ಸಲ ಬಂದಾಗ ಮಗಳಿಗೆ ಗಂಡು ನೋಡುತ್ತಿದ್ದೇವೆ ಎಂದಿದ್ದ. ಅದು ಕುದುರಿರಬೇಕೆಂದು ನಾನು ನಗುನಗುತ್ತಾ, "ಒಳ್ಳೇದಾಯ್ತು ಬುಡಪ್ಪ, ನಾನೂ ಅದ್ನೇ ಕಾಯ್ತಿದ್ದೆ" ಅಂದೆ.

ಅವನು ಹೇಳಿದ್ದು, "ನಮ್ಮವ್ವ ಓಗ್ಬುಟ್ಲು ಸಾ" ಎಂದು.

ನನ್ನ ಹೆಂಡತಿ ಸುಮಿತ್ರ ಒದ್ದೆ ಕೈಯಲ್ಲೇ ಒಳಗಿನಿಂದ ಓಡಿಬಂದಳು. "ಅಯ್ಯೋ, ಅವ್ವ ನರಳಾಡ್ತಿದ್ರಲ್ಲಪ್ಪ, ಅದ್ಕೆ ಮುಕ್ತಿ ಸಿಕ್ತಲ್ಲ ಅಂತ ಯೋಳ್ತಾವ್ರೆ ಇವ್ರು" ಎಂದು ಅವನನ್ನು ಒಳಗೆ ಕರೆದು ಕೂರಿಸಿದಳು. ಪುಟ್ಟಸ್ವಾಮಿ ಒಳ್ಳೆಯವನು, ಒಪ್ಪಿಕೊಂಡ. ಅವನು ಹೋದಮೇಲೆ ಸುಮಿತ್ರ ನನ್ನನ್ನೇ ನೋಡುತ್ತಾ ಮೆಲ್ಲಗೆ ಏನೋ ಅಂದಳು. ಅದೂ ಕೇಳಿಸಲಿಲ್ಲ. ಏನಂದೆ ಎಂದು ಕೇಳಲು ಧೈರ್ಯವಾಗಲಿಲ್ಲ. ತಲೆಯಾಡಿಸಿ ಹಿತ್ತಲಿಗೆ ಹೋದೆ.

ಆ ರಾತ್ರಿಯೇ ತೀರ್ಮಾನ ಮಾಡಿದೆ, ಕಿವಿ ತೋರಿಸಿಕೊಳ್ಳಬೇಕು. ಆದರೆ ಯಾರಿಗೂ ಗೊತ್ತಾಗದ ಹಾಗೆ. ಇದು ನಮ್ಮ ಸೀಮೆಯಲ್ಲಿ ಎಂಥ ಕಷ್ಟವೆಂದು ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತು. ಕೊಪ್ಪದಲ್ಲಿ ಬಸ್ಸು ಹತ್ತಿ ಕೂತರೆ ಪಕ್ಕದವರು ಟಿಕೆಟ್ಟಿಗೆ ಮೊದಲೇ ಶುರು ಮಾಡುತ್ತಾರೆ. ಎಲ್ಲಿಗೆ? ಯಾಕೆ? ಆಸ್ಪತ್ರೆಗಾ? ನಿಮಗೋ, ಮನೆಯವರಿಗೋ? ಮದ್ದೂರು ಬರುವಷ್ಟರಲ್ಲಿ ಕಾಯಿಲೆಯ ಹೆಸರು ಗೊತ್ತಾಗಿರುತ್ತದೆ, ಮಂಡ್ಯ ಬರುವಷ್ಟರಲ್ಲಿ ಔಷಧವನ್ನೂ ಹೇಳಿರುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶವೇನಿಲ್ಲ. ಕೇಳದೇ ಹೋದರೆ ಮನುಷ್ಯತ್ವ ಇಲ್ಲದವರು ಎಂದುಕೊಂಡಾರೆಂಬ ಭಯವೂ ಇರಬಹುದು.

ಹಾಗಾಗಿ ಮೊದಲು ಫೋನಿನಲ್ಲಿ ಹುಡುಕಿದೆ. ಮಂಡ್ಯದಲ್ಲಿ ಕಿವಿ ಪರೀಕ್ಷೆ ಮಾಡಿ ಮಿಷನ್ನು ಕೊಡುವ ಒಂದು ಸಣ್ಣ ಅಂಗಡಿಯ ವೆಬ್‌ಸೈಟು ಸಿಕ್ಕಿತು. ಹೆಸರು, ವಯಸ್ಸು, ಫೋನ್ ನಂಬರು, ತೊಂದರೆ ಏನು ಎಂದು ನಾಲ್ಕು ಖಾನೆ. ಬಸ್ಸಿನಲ್ಲಿ ಕೇಳುವುದಕ್ಕಿಂತ ಕಡಿಮೆಯೇ. ಆದರೂ ಬೆರಳು ಹಿಂದೆಗೆಯಿತು. ಬಸ್ಸಿನವರ ಮುಖವಾದರೂ ಕಾಣುತ್ತದೆ, ಇಲ್ಲಿ ಯಾರು ಓದುತ್ತಾರೋ, ಓದಿ ಯಾರಿಗೆ ಹೇಳುತ್ತಾರೋ. ಕೆಳಗಡೆ ಸಣ್ಣ ಅಕ್ಷರದಲ್ಲಿ 'ನಿಮ್ಮ ಮಾಹಿತಿ ನಮ್ಮ ಹತ್ತಿರ' ಎಂದಿತ್ತು. ಒತ್ತಿದೆ. ಇಂಥ ಪುಟಗಳನ್ನು ಯಾರೂ ಓದುವುದಿಲ್ಲವಂತೆ. ನಾನು ಪರೀಕ್ಷೆಗೆ ಓದುವ ಹುಡುಗನ ಹಾಗೆ ಮತ್ತೆ ಮತ್ತೆ ಓದಿದೆ. ತೊಡಕಿಲ್ಲದ ಕನ್ನಡದಲ್ಲಿ ಬರೆದಿದ್ದರು. ನೀವು ಬರೆದದ್ದನ್ನು ನಿಮಗೆ ಕರೆ ಮಾಡುವುದಕ್ಕೆ, ಪರೀಕ್ಷೆ ಮಾಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಯಾರಿಗೂ ಕೊಡುವುದಿಲ್ಲ. ನಿಮ್ಮ ಮನೆಯವರೇ ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ. ಅಳಿಸಿ ಎಂದರೆ ಅಳಿಸುತ್ತೇವೆ.

ಈ ಕೊನೆಯ ಮಾತು ಓದಿ ನನಗೆ ನಗು ಬಂತು. ನಾನು ಜೀವಮಾನವೆಲ್ಲ ಶಾಸನಗಳ ಪಾಠ ಮಾಡಿದವನು. ಹಿಂದಿನವರು ದಾನ ಕೊಟ್ಟವನ ಅಪ್ಪ, ಅಜ್ಜ, ಭೂಮಿಯ ನಾಲ್ಕು ಎಲ್ಲೆ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿ ಊರ ಮುಂದೆ ನಿಲ್ಲಿಸುತ್ತಿದ್ದರು. ಇದನ್ನು ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಹಸುವನ್ನು ಕೊಂದ ಪಾಪ ಬರಲಿ ಎಂದು ಶಾಪ ಬೇರೆ. ಈ ಅಂಗಡಿಯವರು ಅಳಿಸುವುದನ್ನೇ ಪುಣ್ಯವೆಂದು ಬರೆದುಕೊಂಡಿದ್ದಾರೆ! ಇಂಥದ್ದಕ್ಕೆ ನಮ್ಮಲ್ಲಿ ಸರಿಯಾದ ಪದವೂ ಇಲ್ಲ. ಗುಟ್ಟು ಅಂದರೆ ಏನೋ ತಪ್ಪು ಮಾಡಿದ ವಾಸನೆ. ಗೋಪ್ಯ ಅಂದರೆ ಸರ್ಕಾರಿ ಕಡತ. ಖಾಸಗಿ ಅಂದರೆ ಬಸ್ಸು ನೆನಪಾಗುತ್ತದೆ. ಮರ್ಯಾದೆ ಎಂಬ ಮಾತೇ ಹತ್ತಿರವೇನೋ. ಅದರ ಮೂಲ ಅರ್ಥ ಎಲ್ಲೆ. ಇಲ್ಲಿಯವರೆಗೆ ನೀನು, ಇಲ್ಲಿಂದಾಚೆ ನಾನು.

ನಂಬಿ ಬರೆದೆ. ಸುಮಿತ್ರ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋಗುವ ಹೊತ್ತನ್ನೇ ನೋಡಿಕೊಂಡು ಆಗ ಕರೆ ಮಾಡಿ ಎಂದೂ ಸೇರಿಸಿದೆ.

ಕರೆ ಬಂದ ದಿನ ಅವಳು ಬೇಗ ಹಿಂದಿರುಗಿದ್ದಳು. ನಾನು ಹಿತ್ತಲಲ್ಲಿದ್ದೆ, ಫೋನು ಕಿಟಕಿಯ ಮೇಲಿತ್ತು. ಬರುವಷ್ಟರಲ್ಲಿ ಅವಳು ಮಾತು ಮುಗಿಸಿ ನಿಂತಿದ್ದಳು. ಮುಖ ಬಿಳುಚಿಕೊಂಡಿತ್ತು.

"ಯಾರೋ ಉಡ್ಗಿ" ಎಂದು ಕೂಗಿದಳು. "ಯಾರವ್ವ, ಏನ್ ವಿಸ್ಯ ಅಂದ್ರೆ ಯೋಳಾಕಿಲ್ಲ ಅಂತಾಳೆ. ಸಾರ್ ಅತ್ರನೇ ಮಾತಾಡ್ಬೇಕಂತೆ."

"ಇನ್ಶೂರೆನ್ಸ್‌ನೋರು ಕಣೆ" ಅಂದೆ.

ಅವಳು ಬೇರೇನೂ ಕೇಳಲಿಲ್ಲ. ಸುಮಿತ್ರ ಒಂದು ಪ್ರಶ್ನೆಗೆ ಸುಮ್ಮನಾಗುವ ಹೆಂಗಸಲ್ಲ. ಆವತ್ತು ಸುಮ್ಮನಾದಳು. ಈ ವಯಸ್ಸಿನಲ್ಲಿ ನನ್ನ ಮೇಲೆ ಎಂಥ ಅನುಮಾನ ಬಂದಿರಬಹುದೆಂದು ಲೆಕ್ಕ ಹಾಕಿ ಸ್ವಲ್ಪ ಹೆದರಿಕೆ, ಸತ್ಯ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆ, ಎರಡೂ ಆಯಿತು. ಆದರೆ ದಿನ ಕಳೆದಂತೆ ಹೆದರಿಕೆಯೇ ಉಳಿಯಿತು. ಅವಳು ಊಟಕ್ಕೆ ಬಡಿಸಿ ನನ್ನ ಮುಖ ನೋಡದೆ ಎದ್ದು ಹೋಗುತ್ತಿದ್ದಳು. ಆ ಹುಡುಗಿ ಎಲ್ಲ ಹೇಳಿಬಿಟ್ಟಿದ್ದಾಳೆ, ಮುದುಕನ ಕಿವುಡು ಇವಳಿಗೆ ಗೊತ್ತಾಗಿಹೋಗಿದೆ, ಅದಕ್ಕೇ ಹೀಗೆ ಎಂದುಕೊಂಡೆ.

ಪೆನ್ಷನ್ ಕೆಲಸವೆಂದು ಸುಳ್ಳು ಹೇಳಿ ಮಂಡ್ಯಕ್ಕೆ ಹೋದೆ. ಮಹಡಿಯ ಮೇಲೆ ಎರಡು ಕೋಣೆ. ಅಂಗಡಿ ನಡೆಸುವ ರಮ್ಯ ಮಳವಳ್ಳಿ ಕಡೆಯವಳು, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ಕೂತಕೂಡಲೇ ಕೇಳಿದೆ, "ನಮ್ಮನೆಯವರಿಗೆ ಏನ್ ಹೇಳಿದ್ಯಮ್ಮ?"

"ಏನೂ ಯೋಳಿಲ್ಲ ಸಾರ್. ಅಂಗಡಿ ಎಸ್ರೂ ಯೋಳಿಲ್ಲ. ನೀವ್ ಬರ್ದಿದ್ದು ನಿಮ್ದು."

ಎದೆಯ ಮೇಲಿಂದ ಮೂಟೆ ಇಳಿಸಿದಂತಾಯಿತು. ಪರೀಕ್ಷೆ ಮುಗಿಯಿತು. ಹಗುರಾದ ಮನುಷ್ಯ ಸುಮ್ಮನಿರಬೇಕಲ್ಲವೇ? ನಾನು ಮುಂದಕ್ಕೆ ಬಾಗಿ ಪಿಸುಗುಟ್ಟಿದೆ, "ಅಂದಂಗೆ ನಮ್ಮ ಕೊಪ್ಪದಿಂದ ಇನ್ಯಾರ್ಯಾರು ಬರ್ತಾರಮ್ಮ ನಿನ್ನ ಹತ್ರ?"

ಅವಳು ನಕ್ಕಳು. "ಅವ್ರು ಬಂದು ನಿಮ್ ವಿಸ್ಯ ಕೇಳಿದ್ರೆ ನಾನೇನ್ ಯೋಳ್ಬೇಕು ಸಾರ್?"

ನನಗೆ ಕಿವಿ ಚೆನ್ನಾಗಿ ಕೇಳಿಸದಿದ್ದರೂ ಈ ಮಾತು ಸ್ಪಷ್ಟವಾಗಿ ಕೇಳಿಸಿತು.

ಮುಂದಿನ ವಾರ ಮಿಷನ್ನು ಹಾಕಿಸಿಕೊಂಡು ಬಸ್ಸಿಳಿದು ಮನೆಗೆ ನಡೆದೆ. ಕಬ್ಬಿನ ಗರಿ ಗಾಳಿಗೆ ಇಷ್ಟು ಸದ್ದು ಮಾಡುತ್ತದೆಂಬುದು ಮರೆತೇಹೋಗಿತ್ತು. ನನ್ನದೇ ಚಪ್ಪಲಿ ಯಾರೋ ಹಿಂಬಾಲಿಸುವಂತೆ ಕೇಳಿಸಿ ಒಂದು ಸಲ ತಿರುಗಿಯೂ ನೋಡಿದೆ. ಮನೆಯಲ್ಲಿ ಸುಮಿತ್ರ ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ನಾನು ನಡುಮನೆಯ ಕುರ್ಚಿಯಲ್ಲಿ ಕೂತೆ. ಅವಳ ದನಿ ಬಂತು. ಕೂಗಿದ್ದಲ್ಲ, ತನ್ನಷ್ಟಕ್ಕೆ ಆಡಿಕೊಳ್ಳುವ ದನಿ.

"ಉರುಳಿಕಾಳು ಬೇಯಿಸಿವ್ನಿ. ಬಸ್ಸಾರು ಮಾಡ್ಲೋ, ಪಲ್ಯ ಮಾಡ್ಲೋ... ಯಾರ್ನ ಕೇಳ್ತಾ ಇವ್ನಿ ನಾನು, ಗ್ವಾಡೆನಾ."

ಇಂಥ ಮಾತುಗಳು ನಮ್ಮ ಮನೆಯಲ್ಲಿ ನಿಂತೇಹೋಗಿವೆ ಎಂದುಕೊಂಡಿದ್ದೆ. ಮುಖ್ಯವಾದದ್ದನ್ನು ಅವಳು ಕೂಗಿ ಹೇಳುತ್ತಿದ್ದಳು. ಕೂಗುವಷ್ಟು ಬೆಲೆಯಿಲ್ಲದ ಸಣ್ಣಪುಟ್ಟ ಮಾತು, ಅಂದರೆ ಸಂಸಾರದ ಮುಕ್ಕಾಲು ಪಾಲು, ನನ್ನವರೆಗೆ ಬರುತ್ತಲೇ ಇರಲಿಲ್ಲ.

"ಬಸ್ಸಾರೇ ಮಾಡು" ಅಂದೆ.

ಅವಳ ಕೈ ನಿಂತಿತು. ನಿಧಾನವಾಗಿ ತಿರುಗಿದಳು. "ಏನಂದ್ರಿ?"

"ಬಸ್ಸಾರು ಮಾಡು ಅಂತ ಗೋಡೆ ಹೇಳ್ತಾ ಇದೆ."

ಹತ್ತಿರ ಬಂದಳು. ನಾನು ತಲೆ ತಿರುಗಿಸಿ ಕಿವಿ ತೋರಿಸಿದೆ. ಬೆರಳಿನಿಂದ ಮಿಷನ್ನನ್ನು ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಂಗಾರೆ ಕಿವಿನೇ ಕಣ್ರೀ!" ಅಂದಳು. "ಬರೀ ಕಿವಿ!"

"ಇನ್ನೇನು ಅಂದ್ಕಂಡಿದ್ದೆ?"

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅವಳು ಹೇಳಿದ್ದನ್ನು ಕೇಳಿ ನಾನು ಕುರ್ಚಿಯಿಂದಿಳಿದು ಅವಳ ಪಕ್ಕ ಕೂತೆ. ನನಗಿಂತ ಎಷ್ಟೋ ಮೊದಲೇ ಅವಳು ಅದೇ ವೆಬ್‌ಸೈಟಿನಲ್ಲಿ ಬರೆದಿದ್ದಳು. ಮಂಡ್ಯದಲ್ಲಿ ಬೋರ್ಡು ನೋಡಿ, ಮನೆಗೆ ಬಂದು, ತನ್ನ ಫೋನಿನಿಂದ. ತೊಂದರೆ ಏನು ಎಂಬಲ್ಲಿ ಅವಳು ಬರೆದದ್ದು ಇಷ್ಟು: ನಮ್ಮ ಯಜಮಾನರು ನಾನು ಮಾತಾಡಿದರೆ ಉತ್ತರ ಕೊಡುವುದಿಲ್ಲ, ತಲೆಯಾಡಿಸಿ ಎದ್ದು ಹೋಗುತ್ತಾರೆ, ಕಿವಿ ಕೇಳುವುದಿಲ್ಲವೋ ನಾನೇ ಬೇಡವಾಗಿದ್ದೇನೋ ಗೊತ್ತಾಗುತ್ತಿಲ್ಲ, ಏನು ಮಾಡಲಿ. ರಮ್ಯ ಫೋನು ಮಾಡಿ, ಪರೀಕ್ಷೆ ಮಾಡದೆ ಹೇಳಲಾಗದು, ಒಂದು ಸಲ ಕರೆದುಕೊಂಡು ಬನ್ನಿ ಎಂದಿದ್ದಳಂತೆ. ಹೇಗೆ ಕರೆಯುವುದೆಂದು ಇವಳು ಯೋಚಿಸುತ್ತಿರುವಾಗಲೇ ನನ್ನ ಫೋನಿನಲ್ಲಿ ಅದೇ ದನಿ.

"ನಾನ್ ಬರ್ದಿದ್ದನ್ನೆಲ್ಲ ನಿಮ್ಗೆ ಓದಿ ಯೋಳಾಕೆ ಮಾಡವ್ಳೆ ಅಂದ್ಕಂಡೆ ಕಣ್ರೀ. ನೀವ್ ಬೇರೆ ಇನ್ಸೂರೆನ್ಸು ಅಂದ್ರಿ. ಎಲ್ಲಾ ಗೊತ್ತಾಗಿ ಕ್ವಾಪ ಮಾಡ್ಕಂಡವ್ರೆ, ಅದ್ಕೇ ಸುಳ್ ಯೋಳ್ತಾವ್ರೆ ಅಂದ್ಕಂಡೆ." ಆವತ್ತೇ ಅವಳು ರಮ್ಯಳಿಗೆ, ನಾನು ಬರೆದದ್ದನ್ನು ಅಳಿಸಿಬಿಡು ಎಂದು ಮೆಸೇಜು ಕಳಿಸಿದ್ದಳು. ಅಳಿಸಿದ್ದೇನಮ್ಮ ಎಂದು ಉತ್ತರವೂ ಬಂದಿತ್ತು. ಆದರೂ ಭಯ ಹೋಗಿರಲಿಲ್ಲ.

ನನ್ನ ಮುಖ ನೋಡದೆ ಅವಳು ಎದ್ದು ಹೋಗುತ್ತಿದ್ದದ್ದು ಅದಕ್ಕೆ. ಇಬ್ಬರೂ ಒಂದೇ ಹುಡುಗಿ ಬಾಯಿಬಿಟ್ಟಳೆಂದು ಹೆದರಿ, ಒಂದೇ ಮನೆಯಲ್ಲಿ ಒಬ್ಬರಿಂದೊಬ್ಬರು ತಪ್ಪಿಸಿಕೊಂಡು ಓಡಾಡಿದ್ದೆವು. ರಮ್ಯ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಆ ಸಂಜೆ ನಮ್ಮ ಬಸ್ಸಾರು ತಳ ಹಿಡಿಯಿತು. ಇಬ್ಬರೂ ದೂರದೆ ಉಂಡೆವು.

ಮಿಷನ್ನಿನ ದನಿ ಸರಿಪಡಿಸಲು ಮುಂದಿನ ಸಲ ಇಬ್ಬರೂ ಒಟ್ಟಿಗೆ ಹೋದೆವು. ರಮ್ಯ ಸುಮಿತ್ರಳ ಕಡೆಗೆ ನೋಡಿ, ಏನೂ ಗೊತ್ತೇ ಇಲ್ಲದವಳಂತೆ, "ಬನ್ನಿಯಮ್ಮ, ಸಾರ್ ಮನೆಯೋರಾ?" ಅಂದಳು. ಸುಮಿತ್ರ ತಡೆಯಲಾರದೆ, "ಅಯ್ಯೋ, ಎಲ್ಲಾ ಗೊತ್ತಾಯ್ತು ಬುಡವ್ವ" ಎಂದು ನಕ್ಕಮೇಲೂ ಆ ಹುಡುಗಿ ಸುಮ್ಮನೆ ನಕ್ಕಳೇ ಹೊರತು ಹೌದು ಎನ್ನಲಿಲ್ಲ.

ಮೊದಮೊದಲು ನನಗೆ ರಮ್ಯಳ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು. ಮೊದಲ ದಿನವೇ ನಮ್ಮಿಬ್ಬರಲ್ಲಿ ಯಾರಿಗಾದರೂ ಒಂದು ಮಾತು ಹೇಳಿದ್ದರೆ ಅಷ್ಟು ದಿನದ ಸಂಕಟ ತಪ್ಪುತ್ತಿತ್ತಲ್ಲ ಎಂದು. ಈಗ ಹಾಗನ್ನಿಸುವುದಿಲ್ಲ. ಅವಳು ಹೇಳಿದ್ದರೆ ಅದು ಸುದ್ದಿಯಾಗಿ ಬರುತ್ತಿತ್ತು. ಬರೀ ಕಿವಿ ಎಂದು ಸುಮಿತ್ರ ಹೇಳಿದಾಗ ಅವಳ ಮುಖ ಹೇಗಿತ್ತೆಂಬುದನ್ನು ನಾನು ನೋಡುತ್ತಿರಲಿಲ್ಲ. ಇನ್ನೊಬ್ಬರ ಮಾತನ್ನು ಭದ್ರವಾಗಿ ಇಟ್ಟುಕೊಳ್ಳುವುದೆಂದರೆ ಅದನ್ನು ಆಡುವ ಸುಖವನ್ನು ಅವರಿಗೇ ಉಳಿಸುವುದು ಎಂದು ಕಾಣುತ್ತದೆ. ಅಷ್ಟೆಲ್ಲ ಆ ಪುಟದಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ನಾನು ನಂಬುತ್ತಲೂ ಇರಲಿಲ್ಲ.

ಈಗ ಸುಮಿತ್ರ ದನಿ ಇಳಿಸಿದ್ದಾಳೆ. ಇದರ ಪರಿಣಾಮ ನಾವು ಯೋಚಿಸದ ಕಡೆ ಆಯಿತು. ಮೊನ್ನೆ ಪಕ್ಕದ ಮನೆಯ ಚಿಕ್ಕತಾಯಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, ನಿಜವಾದ ಕಾಳಜಿಯಿಂದಲೇ ಕೇಳಿದಳು. "ಸುಮಿತ್ರಕ್ಕ, ನೀವೂ ಮೇಷ್ಟ್ರೂ ಮಾತ್ ಬುಟ್ಟಿದ್ದೀರಾ? ನಿಮ್ಮನೆ ಸಮಾಚಾರವೇ ತಿಳೀತಾ ಇಲ್ವಲ್ಲ."

ನಾನು ಒಳಗಿದ್ದೆ. ಸುಮಿತ್ರ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

"ಬುಟ್ಟಿಲ್ಲ ಕಣವ್ವ. ಈಗ ಸುರು ಮಾಡಿವಿ."