ಕರಿಗುಂಡಿನ ಮಡುವಿನಲ್ಲಿ ಸಿಗದ ಮೀನು

ಆ ಮೀನನ್ನು ನಾನು ಹೊಳೆಯಲ್ಲಿ ಹಿಡಿದಿರಲಿಲ್ಲ. ಕೊಟ್ರೇಶನಿಗೆ ಹೇಳಿದ್ದು ಸುಳ್ಳು. ಆ ಸುಳ್ಳನ್ನು ನಂಬಿ ಅವನು ನಡುಹೊಳೆಗೆ ಇಳಿದ, ಬಲಗಾಲು ಕಳೆದುಕೊಂಡ. ಕಾಲು ಇದೆ, ಆದರೆ ಮಂಡಿ ಮಡಚುವುದಿಲ್ಲ. ಊರಿನವರು ಮಾತ್ರ ಅವನ ಜೀವ ಉಳಿಸಿದವನು ನಾನೇ ಎಂದು ತಿಳಿದಿದ್ದಾರೆ. ಮೂರು ವರ್ಷ ನಾನು ಆ ಮಾತನ್ನು ತಿದ್ದಲಿಲ್ಲ.

ಈಗ ತಿದ್ದುತ್ತಿದ್ದೇನೆ. ತಡವಾಗಿದೆ ಎಂದು ಗೊತ್ತು.

ಕೊಟ್ರೇಶ ಹಗರಿಬೊಮ್ಮನಹಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಬಟ್ಟೆ ಹೊಲಿಯುತ್ತಾನೆ. ನಾನು ಅದೇ ಬೀದಿಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟವನು. ಇಪ್ಪತ್ತು ವರ್ಷ ನಾವಿಬ್ಬರೂ ಭಾನುವಾರವನ್ನು ಹೊಳೆಗೆ ಬಿಟ್ಟುಕೊಟ್ಟಿದ್ದೆವು. ಒಂದೇ ಬೈಕು, ಎರಡು ಗಾಳದ ಕೋಲು, ಗಂಗಮ್ಮ— ಅವನ ಹೆಂಡತಿ— ಕಟ್ಟಿಕೊಟ್ಟ ರೊಟ್ಟಿ. ಒಮ್ಮೆ ಹಂಪಸಾಗರದ ಹಿನ್ನೀರು, ಒಮ್ಮೆ ಹಡಗಲಿಯಾಚೆಯ ಹರಿಯುವ ನೀರು. ಅವನಿಗೆ ಹರಿಯುವ ನೀರೇ ಇಷ್ಟ. ಫೋನಿನಲ್ಲಿ ಯಾವುದೋ ದೇಶದವರು ನೊಣದಂಥ ಹುಳವನ್ನು ದಾರದಲ್ಲಿ ಕಟ್ಟಿ ನೀರಿನ ಮೇಲೆ ಬೀಸುವುದನ್ನು ನೋಡಿ, ತಾನೂ ಕಟ್ಟಲು ಕಲಿತ. ಹೊಲಿಗೆಯ ನೂಲು, ಕೋಳಿಯ ಪುಕ್ಕ, ಒಂದು ಸಣ್ಣ ಕೊಕ್ಕೆ— ಅವನ ಬೆರಳುಗಳಲ್ಲಿ ಅವು ಹುಳವಾಗುತ್ತಿದ್ದವು. ನೀರಿನ ಮೇಲೆ ಅದು ಇಳಿಯುವ ರೀತಿ ನೋಡಿದರೆ ನಾನೇ ಮೋಸಹೋಗುತ್ತಿದ್ದೆ.

ನನಗೆ ಆ ಕೈ ಇರಲಿಲ್ಲ. ನನ್ನ ದಾರ ಗಂಟಾಗುತ್ತಿತ್ತು, ದಂಡೆಯ ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು. ಸಂಜೆ ಅವನ ಚೀಲದಲ್ಲಿ ಮೂರು ಮೀನು, ನನ್ನದರಲ್ಲಿ ಒದ್ದೆ ಟವೆಲು. ಅವನು ಒಂದು ದಿನವೂ ಆಡಿಕೊಳ್ಳಲಿಲ್ಲ. ತನ್ನದರಲ್ಲೇ ಒಂದನ್ನು ನನ್ನ ಚೀಲಕ್ಕೆ ಹಾಕುತ್ತಿದ್ದ. ಅದು— ಅದೇ ನನಗೆ ಚುಚ್ಚುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹೀಗೆ ಒಪ್ಪಿಕೊಳ್ಳುತ್ತಿರಲಿಲ್ಲ.

ಕೊಟ್ಟೂರು ರಸ್ತೆಯ ಕಡೆ ಒಬ್ಬರು ತಮ್ಮ ಹೊಲದಲ್ಲಿ ದೊಡ್ಡ ಕೆರೆಯಂಥ ಹೊಂಡ ತೋಡಿಸಿ ಮೀನು ಬಿಟ್ಟರು. ಬರೀ ದೊಡ್ಡ ಮೀನು. ಹಿಂಡಿ, ತೌಡು ತಿಂದು ಕೊಬ್ಬಿದ ಕಟ್ಲಾಗಳು. ಹೊಸಪೇಟೆ, ದಾವಣಗೆರೆಯಿಂದ ಜನ ಕಾರಿನಲ್ಲಿ ಬಂದು, ದುಡ್ಡು ಕೊಟ್ಟು, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಗಾಳ ಹಾಕುವರು. ಸಿಕ್ಕಿದ್ದನ್ನು ತೂಗಿ, ಎದೆಗೆ ಅಪ್ಪಿ ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುವರು. ಬೇಕಾದರೆ ಮನೆಗೂ ಒಯ್ಯಬಹುದಿತ್ತು.

ಒಮ್ಮೆ ಹೋಗಿ ನೋಡೋಣ ಅಂದೆ. ಕೊಟ್ರೇಶ ಬೈಕಿನಿಂದ ಇಳಿಯಲೇ ಇಲ್ಲ.

"ಅದು ಓಡಿಹೋಗಾಕ ಜಾಗಾನ ಇಲ್ಲಲೇ ವೀರೇಶ. ಎಲ್ಲಿ ಹೋದೀತು ಪಾಪ. ನಡಿ, ಹೊತ್ತಾಗ್ತೈತಿ."

ನಡೆದೆವು. ಆದರೆ ಮುಂದಿನ ತಿಂಗಳು ನಾನೊಬ್ಬನೇ ಹೋದೆ. ಅಳಿಯನ ಮನೆಗೆ ಕೂಡ್ಲಿಗಿಗೆ ಹೋಗುವುದಿದೆ ಎಂದು ಅವನಿಗೆ ಹೇಳಿ, ಆ ಹೊಂಡದ ದಂಡೆಯಲ್ಲಿ ಕುಳಿತೆ. ಮೊದಲ ದಿನವೇ ಕೋಲು ಬಿಲ್ಲಿನಂತೆ ಬಾಗಿತು. ಆ ಎಳೆತ, ತೋಳಿನ ಆ ನಡುಕ— ಇಪ್ಪತ್ತು ವರ್ಷದಲ್ಲಿ ಹೊಳೆ ನನಗೆ ಕೊಡದಿದ್ದದ್ದು. ಸುಳ್ಳು ಹೇಳಲಾರೆ, ನನಗೆ ಸಂತೋಷವಾಯಿತು. ಮತ್ತೆ ಹೋದೆ. ಮತ್ತೆ ಮತ್ತೆ.

ಆ ಬೇಸಿಗೆಯ ಕೊನೆಗೆ ಒಂದು ಕಟ್ಲಾ ಬಿತ್ತು. ಅಲ್ಲಿದ್ದವರೆಲ್ಲ ಎದ್ದು ಬಂದು ನೋಡುವಂಥದ್ದು. ನಾನು ಅದನ್ನು ನೀರಿಗೆ ಬಿಡಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೊರಟೆ. ಎಲ್ಲಿಗೆ? ನೇರ ಮನೆಗೆ ಹೋಗಬಹುದಿತ್ತು. ಗಾಡಿಯನ್ನು ಕೊಟ್ರೇಶನ ಅಂಗಡಿಯ ಮುಂದೆ ನಿಲ್ಲಿಸಿದೆ. ಅವನಿಗೆ ತೋರಿಸಬೇಕಿತ್ತು. ಒಂದೇ ಒಂದು ಸಲ ಅವನ ಕಣ್ಣು ನನ್ನ ಚೀಲದ ಮೇಲೆ ನಿಲ್ಲಬೇಕಿತ್ತು.

ನಿಂತಿತು. ಹೊಲಿಗೆ ಬಿಟ್ಟು ಎದ್ದು ಬಂದು, ಗೋಣಿ ಬಿಚ್ಚಿ, ಮೀನಿನ ಬೆನ್ನಿನ ಮೇಲೆ ಅಂಗೈ ಇಟ್ಟ.

"ಎಲ್ಲಿ ಸಿಕ್ತಲೇ ಇದು?"

ಕೊಟ್ಟೂರು ರಸ್ತೆಯ ಹೊಂಡದಲ್ಲಿ ಎನ್ನಲು ಬಾಯಿ ತೆರೆದಿದ್ದೆ. ತೆರೆದ ಬಾಯಿಯಿಂದ ಬಂದದ್ದು ಬೇರೆ.

"ಹೊಳ್ಯಾಗ. ಕರಿಗುಂಡಿನ ಮಡುವಿನ್ಯಾಗ."

ಹಡಗಲಿಯಾಚೆ, ಬ್ಯಾರೇಜಿನ ಕೆಳಗೆ, ಹೊಳೆಯ ನಡುವೆ ಒಂದು ಕಪ್ಪು ಬಂಡೆ ಇದೆ. ನಾವು ಅದನ್ನು ಕರಿಗುಂಡು ಅನ್ನುತ್ತಿದ್ದೆವು. ಅದರ ಹಿಂದೆ ಆಳವಾದ ಮಡು. ಅಲ್ಲಿಗೆ ಹೋಗಬಾರದು ಎಂದು ಅವನೇ ನನಗೆ ಮೊದಲಿನಿಂದ ಹೇಳಿದ್ದ— ಮೇಲೆ ಗೇಟು ಎತ್ತಿದರೆ ಹಿಂದಿರುಗುವ ದಾರಿ ಮುಚ್ಚುತ್ತದೆ ಎಂದು. ಆ ಹೆಸರನ್ನೇ ಯಾಕೆ ಹೇಳಿದೆ? ಅವನು ಹೋಗದ ಜಾಗ, ಅವನು ಪರೀಕ್ಷೆ ಮಾಡದ ಜಾಗ, ಅದಕ್ಕೇ ಇರಬೇಕು.

ಆ ಮೀನಿನ ತುಟಿಯಲ್ಲಿ ಹಳೆಯ ಗಾಯಗಳಿದ್ದವು. ಹೊಂಡದ ಮೀನು, ಎಷ್ಟು ಸಲ ಹಿಡಿದು ಬಿಟ್ಟಿದ್ದರೋ. ಕೊಟ್ರೇಶ ಅವನ್ನು ಬೆರಳಿನಿಂದ ಮುಟ್ಟಿ ನೋಡಿದ. ಈಗ ಅವನಿಗೆ ಗೊತ್ತಾಯಿತು ಎಂದುಕೊಂಡೆ.

"ಮೂರು ಮಂದೀ ಕೈಯಾಗಿಂದ ತಪ್ಪಿಸ್ಕೊಂಡೈತಿ ನೋಡು ಇದು," ಅಂದ. "ಹುಷಾರಿ ಮೀನು. ಕಡೀಗೆ ನಿನಗ ಸಿಕ್ತು."

ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಗೌರವವಿತ್ತು.

ಅವತ್ತು ಅವನ ಮನೆಯಲ್ಲೇ ಸಾರು ಮಾಡಿದರು. ಗಂಗಮ್ಮ ಒಂದು ತುತ್ತು ತಿಂದು, "ಯಾಕ ಅಣ್ಣಾರ, ಕೆಸರಿನ ವಾಸನಿ ಬರ್ತೈತಿ?" ಎಂದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಕೊಟ್ರೇಶನೇ ಉತ್ತರ ಕೊಟ್ಟ. "ಮಡುವಿನ ತಳದಾಗಿದ್ದದ್ದು, ಬರದ ಏನು ಮಾಡೀತು."

ನನ್ನ ಸುಳ್ಳಿಗೆ ಅವನೇ ಆಸರೆ ಕೊಡುತ್ತಿದ್ದ. ನಾನು ಊಟ ಮುಗಿಸಿದೆ.

ಅಲ್ಲಿಂದ ಅವನಿಗೆ ಬೇರೆ ಜಾಗವೇ ಬೇಡವಾಯಿತು. ಪ್ರತಿ ಭಾನುವಾರ ಕರಿಗುಂಡು. ಅಂಥದ್ದು ಒಂದೇ ಇರುವುದಿಲ್ಲ, ಗುಂಪು ಇರುತ್ತದೆ ಎಂಬುದು ಅವನ ನಂಬಿಕೆ. ನಾನು ದಂಡೆಯಲ್ಲಿ ಕೂರುತ್ತಿದ್ದೆ. ಅವನು ಮೊಣಕಾಲುದ್ದದ ನೀರು ದಾಟಿ ಬಂಡೆ ಹತ್ತುತ್ತಿದ್ದ. ಎಷ್ಟು ಭಾನುವಾರ— ಹೇಳಲು ಎಷ್ಟು ಭಾನುವಾರ ಇದ್ದವು ನನಗೆ. ಬೈಕಿನ ಮೇಲೆ ಹೋಗುವಾಗ, ರೊಟ್ಟಿ ಬಿಚ್ಚುವಾಗ. ಹೇಳಿದ್ದರೆ ನಗುತ್ತಿದ್ದನೋ ಏನೋ. ಒಂದು ವಾರ ಸಿಟ್ಟು ಮಾಡಿಕೊಳ್ಳುತ್ತಿದ್ದ, ಅಷ್ಟೇ. ನಾನು ಹೇಳಲಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ಮಳೆಯ ಸುಳಿವಿಲ್ಲ, ಬಿಸಿಲು. ಹೊಳೆಗೆ ನೀರು ಬರುವುದು ದೂರದ ಮಳೆಯಿಂದ. ಅವತ್ತು ಬೆಳಿಗ್ಗೆ ನೀರು ಕೆಂಪಾಗಿತ್ತು.

"ಇವತ್ತು ಬ್ಯಾಡಲೇ," ಅಂದೆ.

"ಕೆಂಪು ನೀರಾಗ ದೊಡ್ಡವು ಮ್ಯಾಲೆ ಬರ್ತಾವ. ಒಂದ್ ತಾಸು, ಅಷ್ಟ."

ಅವನು ಬಂಡೆ ಸೇರಿ ಅರ್ಧ ತಾಸೂ ಆಗಿರಲಿಲ್ಲ, ಮೇಲಿನ ಬ್ಯಾರೇಜಿನಿಂದ ಸೈರನ್ ಕೇಳಿಸಿತು. ನಾನು ಎದ್ದು ನಿಂತೆ. ನೀರು ಇನ್ನೂ ಏರಿರಲಿಲ್ಲ. ಹೊರಟರೆ ಆರಾಮಾಗಿ ಬರಬಹುದಿತ್ತು.

"ಕೊಟ್ರೇಶಾ, ನೀರು ಬಿಟ್ರು, ಬಾ!"

ಅವನು ತಿರುಗಿ ಒಂದು ಬೆರಳು ಎತ್ತಿ ತೋರಿಸಿದ. ಇನ್ನೊಂದು ಸಲ. ಬೀಸಿದ. ಹುಳ ಮಡುವಿನ ಮೇಲೆ ಇಳಿಯಿತು.

"ಬಾರಲೇ!"

"ಈಗ ಗುಳುಕ್ ಅಂತು. ಐತಿ ಇಲ್ಲಿ, ನಿಲ್ಲು."

ಇಲ್ಲಿ ನಾನು ನಿಲ್ಲಬೇಕು. ಬರೆಯುತ್ತಿರುವ ಕೈಯನ್ನು ನಿಲ್ಲಿಸಿ ಇದನ್ನು ಸರಿಯಾಗಿ ಹೇಳಬೇಕು. ಆ ಹೊತ್ತಿನಲ್ಲಿ ಅವನನ್ನು ಆ ಬಂಡೆಯಿಂದ ಇಳಿಸುವ ಮಾತು ಒಂದೇ ಇತ್ತು, ಅದು ನನ್ನ ಹತ್ತಿರ ಇತ್ತು. ಅಲ್ಲಿ ಮೀನಿಲ್ಲ, ನಾನು ಸುಳ್ಳು ಹೇಳಿದ್ದೆ. ಇಷ್ಟು ಕೂಗಿದ್ದರೆ ಅವನು ಕೋಲು ಮಡಚಿಕೊಂಡು ಬರುತ್ತಿದ್ದ. ಮಾತು ಗಂಟಲಿಗೆ ಬಂದಿತ್ತು. ಸ್ಪಷ್ಟವಾಗಿ ಬಂದಿತ್ತು. ನಾನು ಅದನ್ನು ನುಂಗಿ, ಮತ್ತೆ "ನೀರು, ನೀರು" ಎಂದೇ ಕೂಗಿದೆ. ಅವನು ಇನ್ನೂ ಮೂರು ಸಲ ಬೀಸಿದ. ನಾನು ಎಣಿಸಿದ್ದೇನೆ. ಆ ಮೂರು ಸಲವೂ ನಾನು ಅದನ್ನು ಹೇಳದೆ ಇದ್ದದ್ದು ನನ್ನ ಮಾನಕ್ಕಾಗಿ.

ನಾಲ್ಕನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಬಂಡೆಯ ಬುಡದ ಕಲ್ಲುಗಳು ಕಾಣದಾದವು. ಅವನಿಗೂ ತಿಳಿಯಿತು. ಕೋಲು ಎಸೆದು ಇಳಿದ. ನಾಲ್ಕು ಹೆಜ್ಜೆ ಇಟ್ಟಿರಬಹುದು, ಕಾಲು ಎರಡು ಕಲ್ಲುಗಳ ಸಂದಿಗೆ ಹೋಯಿತು, ನೀರು ಅವನನ್ನು ಅಡ್ಡ ಕೆಡವಿತು. ಕಾಲು ಅಲ್ಲೇ ಉಳಿದು ಮೈ ಮಾತ್ರ ತಿರುಗಿದ್ದನ್ನು ನಾನು ನೋಡಿದೆ. ನೀರಿನ ಸದ್ದಿನಲ್ಲಿಯೂ ಅವನ ಕೂಗು ಕೇಳಿಸಿತು.

ನಾನು ನೀರಿಗೆ ಹಾರಿದೆ. ಅದು ನಿಜ. ಕುರಿ ಮೇಯಿಸುತ್ತಿದ್ದ ಇಬ್ಬರು ಓಡಿಬಂದು ಹಗ್ಗ ಎಸೆದರು. ಅವರಿಲ್ಲದಿದ್ದರೆ ನಾವಿಬ್ಬರೂ ಉಳಿಯುತ್ತಿರಲಿಲ್ಲ. ಅವನ ಕಂಕುಳಿಗೆ ಹಗ್ಗ ಸುತ್ತಿ, ನಾನು ಮುಳುಗಿ ಕಾಲು ಬಿಡಿಸಿ, ಅವರು ಎಳೆದು— ದಂಡೆಗೆ ಬಂದಾಗ ಅವನಿಗೆ ಎಚ್ಚರವಿತ್ತು. ನನ್ನ ಅಂಗಿ ಹಿಡಿದುಕೊಂಡು, "ನೀ ಕರದಿ, ನಾ ಕೇಳಲಿಲ್ಲ," ಅಂದ.

ನಾನು ಬಗ್ಗಿ ಅವನ ಕಾಲಿಗೆ ಟವೆಲು ಸುತ್ತತೊಡಗಿದೆ.

ಎರಡು ಸಲ ಆಪರೇಷನ್ ಆಯಿತು. ಮಂಡಿ ಕಟ್ಟಿಗೆಯಂತೆ ನಿಂತುಬಿಟ್ಟಿತು. ಇಪ್ಪತ್ತೈದು ವರ್ಷ ಕಾಲಿನಿಂದ ತುಳಿದ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡ. ಬೀದಿಯವರು ಅಂಗಡಿಗೇ ಬಂದು ನನಗೆ ಶಾಲು ಹೊದಿಸಿದರು. ಹಬ್ಬ ಬಂದರೆ ಗಂಗಮ್ಮ ಮೊದಲ ಹೋಳಿಗೆಯನ್ನು ನನ್ನ ಮನೆಗೆ ಕಳಿಸತೊಡಗಿದಳು. "ನೀವಿದ್ರಿ ಅಂತ ಅವರು ಅದಾರ, ಅಣ್ಣಾರ." ಆ ಹೋಳಿಗೆಯನ್ನು ನಾನು ತಿಂದಿದ್ದೇನೆ.

ಮೂರು ವರ್ಷ. ಅವನ ಅಂಗಡಿಗೆ ದಿನಾ ಹೋಗಿ ಕೂತಿದ್ದೇನೆ. ಬಂದವರಿಗೆಲ್ಲ ಅವನು ಕರಿಗುಂಡಿನ ಮಡುವಿನ ಕಥೆ ಹೇಳುವುದನ್ನು, ನನ್ನ ಕಡೆ ಬೆರಳು ಮಾಡಿ "ಇವನ ಹಿಡದಾಂವ" ಅನ್ನುವುದನ್ನು ಕೇಳಿದ್ದೇನೆ.

ಕಳೆದ ತಿಂಗಳು ಅವನು ಕತ್ತರಿ ಕೆಳಗಿಟ್ಟು ಹೇಳಿದ. "ನನ್ನ ಭಾವಮೈದ ಒಪ್ಯಾನ. ಈ ಭಾನುವಾರ ಕರಿಗುಂಡಿಗೆ ಹೊಂಟೀವಿ. ಸೊಂಟಕ್ಕ ಹಗ್ಗ ಕಟ್ಕೊಂಡು ಇಳೀತೀನಿ. ಒಂದ್ ಸಲ ಅದನ್ನ ಹಿಡದ್ರ ಸಾಕು, ಆಮ್ಯಾಲೆ ಕೋಲು ಮುಟ್ಟಂಗಿಲ್ಲ."

ಅವನ ಮುಖದಲ್ಲಿ ಅಂಥ ಬೆಳಕನ್ನು ಮೂರು ವರ್ಷದಲ್ಲಿ ನೋಡಿರಲಿಲ್ಲ. ಮಟಮಟ ಮಧ್ಯಾಹ್ನ, ಅಂಗಡಿಯಲ್ಲಿ ನಾವಿಬ್ಬರೇ.

"ಕೊಟ್ರೇಶ, ಅಲ್ಲಿ ಮೀನಿಲ್ಲ."

"ನೀನ ಹಿಡದೀಯಲ್ಲಲೇ."

"ಇಲ್ಲ. ಕೊಟ್ಟೂರು ರಸ್ತೆ ಹೊಂಡದಾಗ ಹಿಡದಿದ್ನಿ. ನಿನಗ ಸುಳ್ಳು ಹೇಳಿದ್ನಿ."

ಯಂತ್ರದ ಮೋಟಾರು ಸುಮ್ಮನೆ ಓಡುತ್ತಿತ್ತು. ಅವನು ಕೈ ಚಾಚಿ ಬಂದ್ ಮಾಡಿದ. ಮುಂದಿದ್ದ ಬಟ್ಟೆಯ ಅಂಚನ್ನು ನೀವಿದ. ಬೈಯಲಿ ಎಂದು ಕಾದೆ. ಅವನು ಕೇಳಿದ್ದು ಒಂದೇ.

"ಅವತ್ತು ದಂಡಿ ಮ್ಯಾಲೆ ನಿಂತು ಕೂಗಿದೆಲ್ಲ, ಆವಾಗ ಇದನ್ನ ಹೇಳಬೇಕು ಅನ್ಸಿತ್ತನು ನಿನಗ?"

ಇಲ್ಲ ಎನ್ನಬಹುದಿತ್ತು. ಗಾಬರಿಯಲ್ಲಿ ಹೊಳೆಯಲಿಲ್ಲ ಎನ್ನಬಹುದಿತ್ತು. ಆ ಪ್ರಶ್ನೆಯಲ್ಲಿ ಅವನು ನನಗೆ ಒಂದು ದಾರಿ ಬಿಟ್ಟಿದ್ದ ಎಂದು ನನಗೆ ಗೊತ್ತು.

"ಅನ್ಸಿತ್ತು," ಅಂದೆ.

ಅವನು ತಲೆ ಆಡಿಸಿದ. ಗೋಡೆ ಹಿಡಿದು ಎದ್ದು, ಆ ಸೆಟೆದ ಕಾಲನ್ನು ಎಳೆದುಕೊಂಡು ಬಾಗಿಲವರೆಗೆ ಬಂದ. "ಗಂಗಾಗೆ ನಾ ಹೇಳಂಗಿಲ್ಲ. ನೀನ ಹೋಗಿ ಹೇಳು. ಆಮ್ಯಾಲೆ ಈ ಕಡೆ ಬರಬ್ಯಾಡ."

ಹೋಗಿ ಹೇಳಿದೆ. ಗಂಗಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ ಪೂರ್ತಿ ಕೇಳಿದಳು. "ಹೋಗ್ರಿ," ಎಂದಳು. ಅಷ್ಟೇ. ಅಣ್ಣಾರ ಎನ್ನಲಿಲ್ಲ.

ಭಾನುವಾರ ಅವರು ಕರಿಗುಂಡಿಗೆ ಹೋಗಲಿಲ್ಲ. ಭಾವಮೈದ ಅವನನ್ನು ಹಂಪಸಾಗರದ ಹಿನ್ನೀರಿಗೆ ಕರೆದುಕೊಂಡು ಹೋಗಿ, ದಂಡೆಯಲ್ಲಿ ಕುರ್ಚಿ ಹಾಕಿ ಕೂರಿಸಿದನಂತೆ. ಏನು ಸಿಕ್ಕಿತು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ಶಾಲು ಹೊದಿಸಿದವರಿಗೆ ಒಬ್ಬೊಬ್ಬರಾಗಿ ನಡೆದದ್ದನ್ನು ಹೇಳುತ್ತಿದ್ದೇನೆ. ಕೆಲವರು, "ಬಿಡ್ರಿ, ನೀರಿಗೆ ಬಿದ್ದು ಎಳದ್ರೆಲ್ಲ, ಅದೂ ಖರೆ" ಅನ್ನುತ್ತಾರೆ. ಆ ಸಮಾಧಾನವನ್ನು ನಾನು ತೆಗೆದುಕೊಳ್ಳುತ್ತಿಲ್ಲ. ಅವರು ಎದ್ದು ಹೋಗುವ ಮೊದಲು ಆ ಮೂರು ಬೀಸುಗಳ ಹೊತ್ತನ್ನು ಮತ್ತೊಮ್ಮೆ ಹೇಳುತ್ತೇನೆ.

ಅಂಗಡಿಗೆ ಹೋಗಲು ನನಗೆ ಇರುವುದು ಅದೇ ಬೀದಿ. ಅವನ ಬಾಗಿಲ ಮುಂದೆ ಬೈಕು ನಿಧಾನ ಮಾಡುತ್ತೇನೆ, ನಿಲ್ಲಿಸುವುದಿಲ್ಲ. ಕರೆಯುವುದಿದ್ದರೆ ಅವನೇ ಕರೆಯಬೇಕು. ಕರೆಯದಿದ್ದರೆ, ಹಾಗೆಯೇ ಮುಂದೆ ಹೋಗುವುದನ್ನು ನಾನು ಕಲಿಯಬೇಕು.