ರಾಮಲಿಂಗಪ್ಪನವರು ಆನೆ ಎತ್ತಿದ್ದು

ನಮ್ಮ ಮನೆಯವರು ಒಂದು ಕಡೆ ಕೂತು ಊಟ ಮಾಡಿದ್ದನ್ನು ಮೂವತ್ತು ವರ್ಷದಲ್ಲಿ ನಾನು ನೋಡಿದ್ದು ಕಡಿಮೆ. ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಡೆಕ್ಕಿಗೆ ಓಡಾಡುತ್ತಲೇ ಮುದ್ದೆ ನುಂಗುತ್ತಾರೆ. ಹೆಸರು ರಾಮಲಿಂಗಪ್ಪ, ಆಫೀಸಿನಲ್ಲಿ ರಾಮ್. ವಯಸ್ಸು ಐವತ್ತೇಳು. ಇರುವುದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ, ಮಾಡುವುದು ಡೇಟಾಬೇಸ್ ಕೆಲಸ. ಇವನ ಕಾಲಲ್ಲಿ ಚಕ್ರ ಇದೆ ಅಂತ ನಮ್ಮತ್ತೆ ಹೇಳುತ್ತಿದ್ದರು. ಚಕ್ರ ಇದ್ದವರು ಎಲ್ಲಾದರೂ ಹೋಗಿ ತಲುಪುತ್ತಾರಲ್ಲ! ಇವರು ಇದ್ದಲ್ಲೇ ಸುತ್ತುತ್ತಾರೆ.

ಇಷ್ಟು ಓಡಾಡುವ ಮನುಷ್ಯ ಒಂದು ತೀರ್ಮಾನವನ್ನೂ ಸ್ವಂತವಾಗಿ ಮಾಡಿದವರಲ್ಲ. ತಿಪಟೂರಿನ ಹತ್ತಿರ ಅವರ ಊರಿನಲ್ಲಿ ವೀರಭದ್ರನ ಗುಡಿ ಇದೆ. ಅಲ್ಲಿ ಹೂ ಕೇಳುವ ಪದ್ಧತಿ. ಪೂಜಾರಪ್ಪ ದೇವರ ಮೈಗೆ ಒದ್ದೆ ಹೂ ಅಂಟಿಸಿ, ನಮ್ಮ ಪ್ರಶ್ನೆಯನ್ನು ಒಪ್ಪಿಸಿ ಕಾಯುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ವಾಟ್ಸಾಪ್ ಬಂದ ಮೇಲಂತೂ ಕೇಳಲೇಬೇಡಿ. ಮನೆ ತೆಗೆದುಕೊಳ್ಳುವಾಗ ಹೂ, ಕಾರು ತೆಗೆದುಕೊಳ್ಳುವಾಗ ಹೂ. 2021ರಲ್ಲಿ ಬಲಗಡೆ ಬಿತ್ತು ಅಂತ ಇದ್ದ ಕೆಲಸ ಬಿಟ್ಟು ಬೇರೆ ರಾಜ್ಯದ ಫೋರ್ಟ್ ಮಿಲ್ ಎಂಬ ಊರಿಗೆ ಗಂಟುಮೂಟೆ ಕಟ್ಟಿದೆವು. ಎಂಟು ತಿಂಗಳಿಗೆ ಆ ಕಂಪನಿ ಬಾಗಿಲು ಹಾಕಿತು, ಮತ್ತೆ ಕೊಲಂಬಿಯಾ.

"ಬಲಗಡೆ ಕೊಟ್ಟಿದ್ನಲ್ಲ ನಿಮ್ಮ ದೇವರು?" ಎಂದು ಕೇಳಿದೆ.

"ವಾಪಸ್ ಬರೋಕೂ ಬಲಗಡೇನೇ ಕೊಟ್ಟ ಅಲ್ವೇನೇ, ಇಂದು?" ಎಂದರು. ಇಂದು ಅಂದರೆ ನಾನು. ಇಂಥವರ ಹತ್ತಿರ ಯಾರು ಮಾತಾಡಿ ಗೆದ್ದಾರು?

ಹೋದ ವರ್ಷ ನಮ್ಮ ಒಬ್ಬಳೇ ಮಗಳು ನಿಧಿ ಒಬ್ಬ ಹುಡುಗನನ್ನು ಮನೆಗೆ ಕರೆತಂದಳು. ಅವಳ ಹಾಗೆಯೇ ಫಾರ್ಮಸಿಸ್ಟ್. ಅಪ್ಪ ಅಮ್ಮ ಥಾಯ್ಲೆಂಡಿನವರು, ಅವನು ಹುಟ್ಟಿದ್ದು ನಮ್ಮ ಪಕ್ಕದ ಸಿಲ್ವರ್ ಸ್ಪ್ರಿಂಗಿನಲ್ಲಿ. ಪಾಸ್‌ಪೋರ್ಟಿನಲ್ಲಿ ತನಾವತ್, ಮನೆಯಲ್ಲಿ ಕರೆಯುವುದು ಗಾಲ್ಫ್ ಅಂತ. ಅವರಲ್ಲಿ ಹಾಗೆ ಅಡ್ಡಹೆಸರು ಇಡುತ್ತಾರಂತೆ. ನಮ್ಮಲ್ಲಿ ಗುಂಡ, ಪುಟ್ಟ ಇಲ್ಲವೇ? ಹುಡುಗ ಚಿನ್ನದಂಥವನು. ಬಂದ ದಿನವೇ ನನ್ನ ಉಪ್ಸಾರಿನ ಖಾರವನ್ನು ಎರಡು ಸಲ ಹಾಕಿಸಿಕೊಂಡು ತಿಂದ, ಎದ್ದು ತಟ್ಟೆ ತೊಳೆದಿಟ್ಟ. ನನಗೆ ಅಲ್ಲಿಗೇ ಮುಗಿಯಿತು.

ಅವನು ಹೋದ ಮೇಲೆ ನಿಧಿ ಅಪ್ಪನ ಮುಂದೆ ನಿಂತಳು. "ಅಪ್ಪ, ಕೋರ್ಟ್‌ಹೌಸಲ್ಲಿ ಸೈನ್ ಮಾಡೋದು ಐದ್ ನಿಮಿಷ. ಬಟ್ ನೀವು ಯೆಸ್ ಹೇಳೋವರೆಗೂ ನಾನು ಮಾಡಲ್ಲ. ದೇವರು ಹೇಳೋದ್ ಬೇಡ. ನಿಮ್ಮ ಬಾಯಿಂದ ಬೇಕು."

"ನೋಡೋಣಮ್ಮ," ಎಂದು ಇವರು ಗರಾಜಿಗೆ ಹೋದರು.

ಆ ಸಂಜೆಯೇ ಊರಿಗೆ ಫೋನ್ ಹೋಯಿತು. ಅಲ್ಲಿ ಬೆಳಗಿನ ಪೂಜೆಯ ಹೊತ್ತು. ಮುಕ್ಕಾಲು ಗಂಟೆ ಕಾದು ಅಡುಗೆಮನೆಗೆ ಬಂದವರ ಮುಖ ಕಪ್ಪಿಟ್ಟಿತ್ತು.

"ಎಡಗಡೆ ಬಿತ್ತು ಕಣೇ."

"ಇನ್ನೊಂದ್ಸಲ ಕೇಳಿ."

"ದೇವರನ್ನ ಎರಡೆರಡು ಸಲ ಕೇಳ್ತಾರೇನೇ? ಅವನೇನು ಕಸ್ಟಮರ್ ಕೇರಾ? ನಿಧಿಗೆ ಹೇಳ್ಬೇಡ."

ಹೇಳಲಿಲ್ಲ. ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡೆ. ಅವಳು ಕೇಳಿದಾಗಲೆಲ್ಲ ಇವರು ನೋಡೋಣ ಅನ್ನುವುದು, ಅವಳು ಕಾರು ಹತ್ತಿ ತನ್ನ ಅಪಾರ್ಟ್‌ಮೆಂಟಿಗೆ ಹೋಗುವುದು. ಇತ್ತ ಇವರ ಓಡಾಟ ವಿಪರೀತವಾಯಿತು. ಮೀಟಿಂಗ್ ನಡೆಯುತ್ತಿರುವಾಗಲೇ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಬೀದಿ ಸುತ್ತುತ್ತಿದ್ದರು. ಹುಡುಗ ಇಷ್ಟ, ಮಗಳು ಪ್ರಾಣ, ಆದರೆ ದೇವರು ಬೇಡ ಅಂದುಬಿಟ್ಟಿದ್ದಾನೆ. ಎತ್ತ ಹೋಗುತ್ತಾರೆ ಪಾಪ? ಪಾಪ ಅನ್ನಿಸಿದ ಮರುಕ್ಷಣವೇ ನನಗೆ ಸಿಟ್ಟೂ ಬರುತ್ತಿತ್ತು.

ಜನವರಿಯಲ್ಲಿ ಗಾಲ್ಫನ ಅಜ್ಜಿ ಹೇಳಿ ಕಳಿಸಿದರು: ವಯಸ್ಸು ಎಂಬತ್ತೆಂಟು, ವಿಮಾನ ಹತ್ತಲಾರೆ, ಹುಡುಗಿಯ ಅಪ್ಪ ಅಮ್ಮನನ್ನು ಒಂದು ಸಲ ನೋಡಬೇಕು. ನಿಧಿ ಯಾರನ್ನೂ ಕೇಳದೆ ನಾಲ್ಕೂ ಜನರಿಗೆ ಟಿಕೆಟ್ ಬುಕ್ ಮಾಡಿದಳು. ಹೂ ಕೇಳುವುದಕ್ಕೂ ಸಮಯ ಕೊಡಲಿಲ್ಲ, ಒಳ್ಳೆಯದೇ ಮಾಡಿದಳು.

ಉತ್ತರ ಥಾಯ್ಲೆಂಡಿನ ಒಂದು ಸಣ್ಣ ಊರು. ಅಜ್ಜಿಗೆ ಅವರ ಭಾಷೆಯಲ್ಲಿ ಯಾಯ್ ಅನ್ನುತ್ತಾರೆ. ಯಾಯ್ ನಮ್ಮನ್ನು ಐದು ದಿನ ಅಂಗೈಯಲ್ಲಿಟ್ಟು ನೋಡಿಕೊಂಡರು. ದಿನವೂ ಇವರ ಮುಖ ನೋಡಿ ಏನೋ ಕೇಳುವರು, ಗಾಲ್ಫ್ ನಾಚಿಕೊಂಡು ನಿಧಿಯ ಕಡೆ ನೋಡುವನು, ಇವರು ನಕ್ಕು ಅಂಗಳಕ್ಕೆ ಹೋಗಿ ಮಾವಿನ ಮರವನ್ನು ಸುತ್ತುವರು. ಕೊನೆಯ ದಿನ ಬೆಳಿಗ್ಗೆ ಯಾಯ್ ಊರಂಚಿನ ಗುಡ್ಡದ ಮೇಲಿರುವ ಬುದ್ಧನ ಗುಡಿಗೆ ಹೋಗೋಣ ಎಂದರು.

ಗಾಲ್ಫ್ ಯಾಯ್‌ರನ್ನು ಕಾರಿನಲ್ಲಿ ಹಿಂದಿನ ರಸ್ತೆಯಿಂದ ಕರೆದುಕೊಂಡು ಹೋದ. ನಾವು ಮೂವರೂ ಮೆಟ್ಟಿಲು ಹತ್ತಿದೆವು. ಮುನ್ನೂರು ಚಿಲ್ಲರೆ ಮೆಟ್ಟಿಲು, ಎರಡು ಪಕ್ಕಕ್ಕೂ ಗಾರೆಯ ಹಾವು ಕೆಳಗಿನಿಂದ ತುದಿಯವರೆಗೆ ಮಲಗಿದೆ. ಇವರು "ನಾಗಪ್ಪ" ಎಂದು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅರ್ಧ ದಾರಿಯಲ್ಲಿ ನಿಧಿ ನಿಂತುಬಿಟ್ಟಳು.

"ಅಪ್ಪ, ನಾಳೆ ಫ್ಲೈಟ್. ಯಾಯ್ ದಿನಾ ಮದುವೆ ಯಾವಾಗ ಅಂತ ಕೇಳ್ತಿದಾರೆ. ಐ ಹ್ಯಾವ್ ನೋ ಆನ್ಸರ್. ನಿಮಗೆ ಅವನು ಇಷ್ಟ ಇಲ್ವಾ?"

"ಇಷ್ಟ ಇಲ್ಲ ಅಂದ್ನೇನಮ್ಮಾ?"

"ಇಷ್ಟ ಅಂತಾನೂ ಹೇಳಿಲ್ಲ. ಈ ಟ್ರಿಪ್ಪಲ್ಲೂ ಹೇಳ್ಲಿಲ್ಲ ಅಂದ್ರೆ ಇನ್ಮೇಲೆ ನಾನು ಕೇಳಲ್ಲ. ಅವನಿಗೂ ವೇಟ್ ಮಾಡು ಅಂತ ಹೇಳಲ್ಲ."

ಇವರು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದರು. ಮಗಳು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮೇಲೆ ಹೋದ ಕೂಡಲೇ ನಿಧಿ ಗುಡಿಯೊಳಗಿದ್ದ ಯಾಯ್ ಹತ್ತಿರ ಹೋದಳು. ಗುಡ್ಡದ ಮೇಲಿಂದ ಎಂಥ ನೋಟ ಅಂತೀರಿ! ಕೆಳಗೆ ಇಡೀ ಊರು, ಹೆಂಚಿನ ಮನೆಗಳು, ಹೊಳೆ, ಗದ್ದೆಯ ಮೇಲೆ ಇನ್ನೂ ಬಿಡದ ಮಂಜು. ಜನರೆಲ್ಲ ಕಟಕಟೆ ಹಿಡಿದು ಫೋಟೋ ತೆಗೆಯುತ್ತಿದ್ದರೆ, ನಮ್ಮವರು ಊರಿಗೆ ಬೆನ್ನು ಹಾಕಿ ಫೋನನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು.

"ಪೂಜಾರಪ್ಪ ಎತ್ತುತ್ತಾನೇ ಇಲ್ಲ ಕಣೇ. ಪೂಜೆ ಹೊತ್ತು ಅನ್ಸುತ್ತೆ."

"ಎರಡು ಸಲ ಕೇಳಬಾರದು ಅಂದೋರು ಯಾರ್ರೀ?" ಎಂದೆ. "ಮಗಳು ಹೇಳಿದ್ದು ಕೇಳಿಸ್ತಾ ಇಲ್ವಾ? ಆ ಹೂವಿಗೇನು ಗೊತ್ತು ನಿಧಿ ವಿಷಯ? ಹೆತ್ತಿದ್ದು ಹೂವಾ?"

ಅಷ್ಟು ಗಟ್ಟಿಯಾಗಿ ನಾನು ಅವರಿಗೆ ಎಂದೂ ಅಂದಿರಲಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಗುಡಿಯೊಳಗಿಂದ ಯಾಯ್ ಕೈಬೀಸಿ ಕರೆದರು.

ಒಳಗೆ ಬುದ್ಧನ ಎದುರು ಚಾಪೆ, ಚಾಪೆಯ ಮುಂದೆ ತೆಂಗಿನಕಾಯಿ ಗಾತ್ರದ ಕಂಚಿನ ಆನೆ, ಅದರ ಬೆನ್ನ ಮೇಲೊಂದು ಬಳೆ. ಯಾಯ್ ಹೇಳಿದ್ದನ್ನು ಗಾಲ್ಫ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಮನಸ್ಸಿನಲ್ಲಿ ಒಂದು ವಿಷಯ ನೆನೆದು, ಇದು ಒಳ್ಳೆಯದಾಗುವುದಾದರೆ ಏಳು ಎಂದು ಬೇಡಿಕೊಂಡು ಕಿರುಬೆರಳನ್ನು ಬಳೆಯೊಳಗೆ ಹಾಕಿ ಎತ್ತಬೇಕು. ಎದ್ದರೆ ಇನ್ನೊಂದು ಸಲ ಬೇಡಿಕೊಳ್ಳಬೇಕು, ಇದು ನಿಜವಾದರೆ ಏಳಬೇಡ ಎಂದು. ಎರಡನೆಯ ಸಲ ಏಳದಿದ್ದರೆ ಮಾತ್ರ ದೇವರ ಒಪ್ಪಿಗೆ, ಎದ್ದರೆ ಇಲ್ಲ. ಯಾಯ್ ನಗುತ್ತಾ ಇವರತ್ತ ಬೆರಳು ತೋರಿಸಿದರು: ನೀವೇ ಎತ್ತಿ, ಹುಡುಗಿಯ ಅಪ್ಪ.

ಅಯ್ಯೋ ಶಿವನೇ, ಇಲ್ಲೂ ಬಂತಲ್ಲ! ಅಲ್ಲಿ ಎಡಗಡೆ ಬಿದ್ದಿದೆ, ಇಲ್ಲೂ ಬೇಡ ಎಂದರೆ ಈ ಮನುಷ್ಯ ಈ ಜನ್ಮದಲ್ಲಿ ಹೂಂ ಅನ್ನುವುದಿಲ್ಲ.

ಇವರು ಚಾಪೆಯ ಮೇಲೆ ಮಂಡಿಯೂರಿ ಕಣ್ಣು ಮುಚ್ಚಿದರು. ಕಿರುಬೆರಳು ಹಾಕಿ ಎತ್ತಿದರು. ಆನೆ ಹಗುರವಾಗಿ ಎದ್ದಿತು. ಯಾಯ್ "ಆಂ" ಎಂದರು. ಇವರು ಇಳಿಸಿ, ಕೈ ಮುಗಿದು ಮತ್ತೆ ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತು. ಆಮೇಲೆ ಕೈ ಚಾಚಿ, ಹಲ್ಲು ಕಚ್ಚಿ, ಭುಜ ನಡುಗಿಸಿ, ಮುಖ ಕೆಂಪಗೆ ಮಾಡಿಕೊಂಡು ಎಳೆದರು.

"ಊಹೂಂ! ಅಲ್ಲಾಡ್ತಾನೇ ಇಲ್ಲ!"

ಯಾಯ್ ಎರಡೂ ಕೈ ಜೋಡಿಸಿ ಬುದ್ಧನಿಗೆ ಬಗ್ಗಿದರು. ಗಾಲ್ಫ್ ಉಸಿರು ಬಿಟ್ಟ. ನಾನು ಇವರ ಪಕ್ಕದಲ್ಲೇ ಕೂತಿದ್ದೆ, ನನಗೆ ಕಾಣುತ್ತಿತ್ತು. ಬೆರಳು ಬಳೆಯೊಳಗೆ ಹೋಗಿಯೇ ಇರಲಿಲ್ಲ. ಹೊರಗಡೆ, ಆನೆಯ ಬೆನ್ನಿಗೆ ಒತ್ತಿಕೊಂಡಿತ್ತು.

"ಓಕೆ, ಆನೆ ಯೆಸ್ ಅಂತು," ಎಂದಳು ನಿಧಿ, ನಗದೆ. "ನೀವು?"

"ಆಗ್ಲಮ್ಮ. ಒಳ್ಳೇ ಹುಡುಗ, ಮಾಡ್ಕೋ. ನಾನ್ ಹೇಳ್ತಿದೀನಿ, ನಾನು."

ಅವಳು ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಗಾಲ್ಫ್ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನನ್ನ ಕಾಲಿಗೆ ಬಿದ್ದ.

ಇಳಿಯುವಾಗ ಮಕ್ಕಳಿಬ್ಬರೂ ಯಾಯ್ ಜೊತೆ ಕಾರಿನಲ್ಲಿ ಹೋದರು. ಮೆಟ್ಟಿಲ ಮೇಲೆ ನಾವಿಬ್ಬರೇ.

"ಬೆರಳು ಹಾಕ್ಲಿಲ್ಲ ಅಲ್ವಾ ನೀವು?" ಎಂದು ಕೇಳಿದೆ.

ಅವರು ಹಿಂದೆ ಮುಂದೆ ನೋಡಿದರು. ಆಮೇಲೆ, ಯಾರಿಗೂ ಕೇಳಿಸಬಾರದು ಎಂಬಂತೆ, ಮೆಲ್ಲಗೆ ಹೇಳಿದರು:

"ಹಾಕಿ, ಅದು ಎದ್ದುಬಿಟ್ಟಿದ್ರೆ ನಾನೇನ್ ಮಾಡ್ಲಿ, ಇಂದು? ಇರೋದು ಒಬ್ಳೇ ಮಗಳು."